ಹೊಳೆಬಾಗಿಲಿನ ಚಳಿಗಾಲ

ಬನಶಂಕರಿ ಎರಡನೇ ಹಂತದ ಒಂದು ಮನೆ ಎಂದಿಟ್ಟುಕೊಳ್ಳಿ. ಅಪ್ಪ, ಅಮ್ಮ, ಒಂಬತ್ತನೇ ತರಗತಿಯ ಮಗಳು, ಐದನೇ ತರಗತಿಯ ಮಗ. ಮಕ್ಕಳು ಓದುವ ಮೇಜಿನ ಮೇಲಿನ ಗೋಡೆಗೆ ಯಾವುದೋ ಹಳೆಯ ಕ್ಯಾಲೆಂಡರಿನ ಹಾಳೆಯೊಂದನ್ನು ಅಂಟಿಸಿದ್ದಾರೆ. ಇಂಗ್ಲೆಂಡಿನ ಒಂದು ಕಾಲುವೆಯ ಚಿತ್ರ. ಎರಡೂ ದಡದಲ್ಲಿ ಹಿಮ. ನಡುವೆ ರೈಲು ಡಬ್ಬಿಯಷ್ಟು ಉದ್ದದ, ಕಾರಿಗಿಂತ ತುಸುವೇ ಅಗಲವಾದ ಒಂದು ದೋಣಿ. ಅದರ ಚಾವಣಿಯ ಮೇಲೆ ಸೌದೆ, ಕಲ್ಲಿದ್ದಲ ಚೀಲ, ಹೂವಿನ ಚಿತ್ರ ಬಿಡಿಸಿದ ನೀರಿನ ಪಾತ್ರೆ, ಪುಟ್ಟದೊಂದು ಹೊಗೆಕೊಳವೆ. ಡಿಸೆಂಬರ್ ರಜೆ ಹತ್ತಿರ ಬಂದಾಗ ಮಗ ಕೇಳುತ್ತಾನೆ: “ನಮ್ಮಲ್ಲೂ ಚಳಿಗಾಲದಲ್ಲಿ ಹೀಗೆ ದೋಣಿ ಹತ್ತಿ ಹೋಗಬಹುದೇನಪ್ಪಾ?”

ಬೆಂಗಳೂರಿನ ದಕ್ಷಿಣ ಭಾಗದಲ್ಲಿ ಕಾಲುವೆಗಳಿಗೇನೂ ಕೊರತೆಯಿಲ್ಲ. ಜಯನಗರ, ಜೆ.ಪಿ. ನಗರ, ಬಿ.ಟಿ.ಎಂ. ಬಡಾವಣೆ ಎಲ್ಲಿ ಹೋದರೂ ಒಂದು ರಾಜಕಾಲುವೆ ಅಡ್ಡ ಬರುತ್ತದೆ. ಹೆಸರಿನಲ್ಲಿ ರಾಜನಿದ್ದಾನೆ. ಆದರೆ ಅದರಲ್ಲಿ ದೋಣಿ ಬಿಡಬೇಕೆಂದು ಯಾರಿಗೂ ಅನ್ನಿಸುವುದಿಲ್ಲ. ಮೂಗು ಮುಚ್ಚಿಕೊಂಡು ದಾಟಿದರೆ ಸಾಕು ಅನ್ನಿಸುತ್ತದೆ. ಅಪ್ಪ ಸ್ವಲ್ಪ ಯೋಚಿಸಿ, “ಶರಾವತಿಗೆ ಹೋಗೋಣ. ಈ ಸಲ ಬಿಟ್ಟರೆ ಮತ್ತೆ ಸಿಗುವುದಿಲ್ಲ” ಎನ್ನುತ್ತಾರೆ.

ಅದು 2024ರ ಡಿಸೆಂಬರ್. ಅಪ್ಪನ ಮಾತಿನಲ್ಲಿ ಉತ್ಪ್ರೇಕ್ಷೆ ಇರಲಿಲ್ಲ. ಸಾಗರ ತಾಲ್ಲೂಕಿನ ಹೊಳೆಬಾಗಿಲಿನಿಂದ ಆಚೆ ದಡದ ಕಳಸವಳ್ಳಿಗೆ ಬಸ್ಸು, ಜೀಪು, ಜನ, ಸಾಮಾನು ಎಲ್ಲವನ್ನೂ ಹೊತ್ತು ದಾಟಿಸುತ್ತಿದ್ದ ಲಾಂಚಿಗೆ ಅದೇ ಕೊನೆಯ ಚಳಿಗಾಲ. ಪಕ್ಕದಲ್ಲೇ ಸೇತುವೆ ಮುಗಿಯುತ್ತ ಬಂದಿತ್ತು.

ರಸ್ತೆ ನೀರಿಗಿಳಿಯುವ ಜಾಗ

ರಾತ್ರಿಯ ರೈಲು ಬೆಳಗಿನ ಚಳಿಯಲ್ಲಿ ಸಾಗರ ತಲುಪಿಸುತ್ತದೆ. ಅಲ್ಲಿಂದ ಬಸ್ಸು ಆವಿನಹಳ್ಳಿ ದಾಟಿ, ಅಡಿಕೆ ತೋಟಗಳನ್ನೂ ಗುಡ್ಡಗಳನ್ನೂ ಬಳಸುತ್ತ ಹೋಗಿ ಅಂಬಾರಗೋಡ್ಲಿನ ಇಳಿಜಾರಿಗೆ ಬರುತ್ತಿತ್ತು. ಆಮೇಲೆ ನಡೆಯುವುದು ಬೆಂಗಳೂರಿನ ಮಕ್ಕಳಿಗೆ ಅಚ್ಚರಿ. ರಸ್ತೆ ತಿರುಗುವುದಿಲ್ಲ, ಮುಗಿಯುವುದೂ ಇಲ್ಲ. ಡಾಂಬರು ಸಮೇತ ನೇರವಾಗಿ ನೀರಿಗೆ ಇಳಿದುಬಿಡುತ್ತದೆ. ಊರಿನ ಹೆಸರು ಹೊಳೆಬಾಗಿಲು. ಹೊಳೆಗೆ ಬಾಗಿಲು. ಇದಕ್ಕಿಂತ ಸರಿಯಾದ ಹೆಸರು ಇಡಲು ಸಾಧ್ಯವಿಲ್ಲ.

ಬೆಳಗಿನ ಹೊತ್ತು ಆಚೆ ದಡ ಕಾಣುವುದಿಲ್ಲ. ನೀರಿನ ಮೇಲೆ ಹಾಲಿನಂತೆ ಮಂಜು. ಕಾದ ಹಾಲಿನ ಪಾತ್ರೆಯಿಂದ ಆವಿ ಏಳುವ ಹಾಗೆ ಹೊಳೆಯಿಂದಲೇ ಏಳುತ್ತಿದೆ. ಹೋಲಿಕೆ ಬರೀ ಅಲಂಕಾರಕ್ಕಲ್ಲ, ನಡೆಯುವುದೂ ಅದೇ. ನೀರು ಬೇಗ ಕಾಯುವುದಿಲ್ಲ, ಬೇಗ ಆರುವುದೂ ಇಲ್ಲ. ಚಳಿಗಾಲದ ರಾತ್ರಿ ನೆಲವೂ ಗಾಳಿಯೂ ತಣ್ಣಗಾದ ಮೇಲೂ ಇಷ್ಟು ದೊಡ್ಡ ಜಲರಾಶಿ ಬೆಚ್ಚಗೇ ಉಳಿದಿರುತ್ತದೆ. ಅದರ ಮೈಯಿಂದ ಎದ್ದ ತೇವ ಮೇಲಿನ ತಣ್ಣನೆಯ ಗಾಳಿಗೆ ತಾಗಿದ ಕೂಡಲೇ ಸಣ್ಣ ಹನಿಗಳಾಗಿ ಮಂಜಾಗುತ್ತದೆ. ದಡದಲ್ಲಿ ನಿಂತು ನಡುಗುತ್ತಿರುವ ಹುಡುಗ ಕೈಯನ್ನು ನೀರಿಗೆ ಅದ್ದಿ ನೋಡಿದರೆ ಸಾಕು, ಪಾಠ ಮುಗಿಯಿತು.

ಮಂಜಿನೊಳಗಿಂದ ಮೊದಲು ಬರುವುದು ಎಂಜಿನ್ ಸದ್ದು. ಆಮೇಲೆ ಲಾಂಚು. ಚಿತ್ರದಲ್ಲಿದ್ದ ದೋಣಿಯ ಅಂದ ಚೆಂದ ಇದಕ್ಕಿರಲಿಲ್ಲ. ಕಬ್ಬಿಣದ ಚಪ್ಪಟೆ ಅಂಗಳವೊಂದು ತೇಲಿ ಬಂದಂತೆ ಬರುತ್ತಿತ್ತು. ದಡ ಮುಟ್ಟಿದೊಡನೆ ಮುಂದಿನ ಅಗಲವಾದ ಹಲಗೆ ಇಳಿಯುವುದು. ಆಚೆಯ ಬಸ್ಸು ಗುರುಗುಟ್ಟಿಕೊಂಡು ಇಳಿಯುವುದು. ಈಚೆಯ ಬಸ್ಸು ಹಿಂದೆಮುಂದೆ ನೋಡಿ ಹತ್ತುವುದು. ಪಕ್ಕದಲ್ಲಿ ಜೀಪು, ಸಂದಿಯಲ್ಲಿ ಮೋಟಾರ್ ಬೈಕು, ಉಳಿದ ಜಾಗದಲ್ಲಿ ಜನ. ಹಾಲಿನ ಕ್ಯಾನು, ಅಡಿಕೆ ಮೂಟೆ, ಗ್ಯಾಸ್ ಸಿಲಿಂಡರು, ಸಾಗರದ ಕಾಲೇಜಿಗೆ ಹೋಗುವ ಹುಡುಗಿಯರು, ಸಿಗಂದೂರು ಚೌಡೇಶ್ವರಿಗೆ ಹರಕೆ ಹೊತ್ತವರು, ಎಲ್ಲರಿಗೂ ಒಂದೇ ಅಂಗಳ. ನಡೆಸುತ್ತಿದ್ದುದು ಸರ್ಕಾರದ ಒಳನಾಡು ಜಲಸಾರಿಗೆ ಇಲಾಖೆ. ಟಿಕೆಟ್ ದರ ಬೆಂಗಳೂರಿನಲ್ಲಿ ಒಂದು ಕಾಫಿಗೂ ಸಾಲದಷ್ಟು.

ಬಸ್ಸು ಹತ್ತಿದಾಗ ಲಾಂಚು ಮುಳುಗದೆ ನಿಂತದ್ದು ಹೇಗೆ? ಒಂಬತ್ತನೇ ತರಗತಿಯ ಮಗಳಿಗೆ ಆರ್ಕಿಮಿಡೀಸ್ ಪಾಠ ಆಗಿದೆ, ಆದರೆ ಪರೀಕ್ಷೆಗೆ ಓದಿದ್ದು ದಡದಲ್ಲಿ ನೆನಪಾಗುವುದಿಲ್ಲ. ಒಂದು ಲೆಕ್ಕ ಮಾಡಿ ನೋಡಿ. ತಳ 20 ಮೀಟರ್ ಉದ್ದ, 6 ಮೀಟರ್ ಅಗಲದ ಒಂದು ತೇಲುವ ಅಂಗಳ. ಅಂದರೆ 120 ಚದರ ಮೀಟರ್. ಅದರ ಮೇಲೆ 12 ಟನ್ ತೂಕದ ಬಸ್ಸು ಹತ್ತಿತು. 12 ಟನ್ ತೂಗುವ ನೀರೆಂದರೆ 12 ಘನ ಮೀಟರ್. ಅಷ್ಟು ನೀರನ್ನು ಪಕ್ಕಕ್ಕೆ ಸರಿಸಲು ಅಂಗಳ ಇಳಿಯಬೇಕಾದದ್ದು 12ನ್ನು 120ರಿಂದ ಭಾಗಿಸಿದಷ್ಟು, ಅಂದರೆ 10 ಸೆಂಟಿಮೀಟರ್. ತುಂಬಿದ ಬಸ್ಸೊಂದು ಮೇಲೆ ಬಂದು ನಿಂತರೂ ಅರ್ಧ ಗೇಣಿನಷ್ಟು ಮಾತ್ರ ಕುಸಿತ. ಆದರೆ ಬಸ್ಸು ಒಂದು ಪಕ್ಕಕ್ಕೆ ನಿಂತರೆ ಕತೆ ಬೇರೆ. ಅದಕ್ಕೇ ಲಾಂಚಿನವರು ಚಾಲಕನಿಗೆ “ಇನ್ನೂ ಸ್ವಲ್ಪ ಎಡಕ್ಕೆ, ಹಾಂ, ಸಾಕು ಸಾಕು” ಎಂದು ಕೂಗುತ್ತಿದ್ದುದು. ಪುಸ್ತಕ ಓದಿ ಕಲಿತದ್ದಲ್ಲ. ಕೂಗಿಗೆ ಕಾರಣ ಮಾತ್ರ ಪುಸ್ತಕದ್ದೇ.

ಗಂಟೆಗೆ ನಾಲ್ಕು ಮೈಲಿ

ಲಾಂಚು ಹೊರಟ ಮೇಲೆ ಸುಮಾರು ಹದಿನೈದು ಇಪ್ಪತ್ತು ನಿಮಿಷ ಯಾರಿಗೂ ಏನೂ ಕೆಲಸವಿಲ್ಲ. ಎರಡು ಕಿಲೋಮೀಟರಿನಷ್ಟು ನೀರನ್ನು ಅದು ಆರಾಮವಾಗಿ ಕಡೆಯುತ್ತ ಹೋಗುತ್ತಿತ್ತು. ಗಂಟೆಗೆ ಆರೇಳು ಕಿಲೋಮೀಟರ್, ಮನುಷ್ಯ ಬಿರುಸಾಗಿ ನಡೆಯುವ ವೇಗ. ಕಾಕತಾಳೀಯವೆನ್ನಿ, ಕ್ಯಾಲೆಂಡರಿನ ಕಾಲುವೆ ದೋಣಿಗೂ ಇಂಗ್ಲೆಂಡಿನಲ್ಲಿ ಇರುವ ವೇಗದ ಮಿತಿ ಇಷ್ಟೇ: ಗಂಟೆಗೆ ನಾಲ್ಕು ಮೈಲಿ. ಹೆಚ್ಚು ಓಡಿಸಿದರೆ ಅಲೆ ಎದ್ದು ದಡದ ಮಣ್ಣು ಕುಸಿಯುತ್ತದೆ.

ಆ ದೋಣಿಗಳ ಕತೆಯನ್ನು ಇಲ್ಲಿಯೇ ಹೇಳಿಬಿಡಬಹುದು. 1761ರಲ್ಲಿ ಬ್ರಿಜ್‌ವಾಟರ್ ಕಾಲುವೆ ತೆರೆದು ಮ್ಯಾಂಚೆಸ್ಟರಿಗೆ ಕಲ್ಲಿದ್ದಲು ಅಗ್ಗವಾಗಿ ಬರಲು ಶುರುವಾದ ಮೇಲೆ ಇಂಗ್ಲೆಂಡಿನ ತುಂಬ ಕಾಲುವೆ ತೋಡುವ ಹುಚ್ಚು ಹಿಡಿಯಿತು. ರಸ್ತೆಯ ಮೇಲೆ ಒಂದೆರಡು ಟನ್ ಎಳೆಯಲು ಒದ್ದಾಡುವ ಕುದುರೆ ದಡದ ಮೇಲೆ ನಡೆಯುತ್ತ ಹಗ್ಗ ಕಟ್ಟಿದ ದೋಣಿಯಲ್ಲಿ 25 ಟನ್ ಎಳೆಯಬಲ್ಲದು. ನೀರಿನ ಮೇಲೆ ತೇಲುವ ವಸ್ತುವಿಗೆ ನಿಧಾನ ವೇಗದಲ್ಲಿ ಪ್ರತಿರೋಧ ಅಷ್ಟು ಕಡಿಮೆ. ಗುಡ್ಡ ಬಂದಾಗ ಏನು ಮಾಡುವುದು? ಕಾಲುವೆಗೆ ಮೆಟ್ಟಿಲು ಕಟ್ಟಿದರು. ಒಂದೊಂದು ಮೆಟ್ಟಿಲೂ ಎರಡು ಕಡೆ ಬಾಗಿಲಿರುವ ಒಂದು ತೊಟ್ಟಿ. ದೋಣಿ ಒಳಗೆ ಬಂದೊಡನೆ ಕೆಳಬಾಗಿಲು ಮುಚ್ಚಿ, ಮೇಲಿನಿಂದ ನೀರು ಬಿಟ್ಟರೆ ದೋಣಿ ತೊಟ್ಟಿಲಿನಲ್ಲಿಟ್ಟ ಮಗುವಿನ ಹಾಗೆ ಮೇಲೇರುತ್ತದೆ. ಡಿವೈಜಸ್ ಎಂಬ ಊರಿನ ಹತ್ತಿರ ಎರಡು ಮೈಲಿಯಲ್ಲಿ ಇಂಥ 29 ತೊಟ್ಟಿಗಳಿವೆ. ಅವು ದೋಣಿಯನ್ನು 72 ಮೀಟರ್ ಎತ್ತರಕ್ಕೆ ಏರಿಸುತ್ತವೆ. ಹಲವು ಕಾಲುವೆಗಳಲ್ಲಿ ತೊಟ್ಟಿಯ ಅಗಲವೇ ಏಳು ಅಡಿ. ಅದಕ್ಕೇ ದೋಣಿಯೂ ಅಷ್ಟು ಕಿರಿದು. ಒಂದು ದೋಣಿ ಒಂದು ಮೆಟ್ಟಿಲು ದಾಟಿದರೆ ಲಕ್ಷ ಲೀಟರಿಗೂ ಹೆಚ್ಚು ನೀರು ಮೇಲಿನಿಂದ ಕೆಳಗೆ ಹೋಗುತ್ತದೆ. ಎತ್ತರಕ್ಕೆ ಏರಲು ಯಾರಾದರೂ ನೀರಿನ ಬೆಲೆ ತೆರಲೇಬೇಕು. ಈ ಮಾತನ್ನು ಮರೆಯಬೇಡಿ, ಮುಂದೆ ಬೆಂಗಳೂರಿನ ವಿಷಯಕ್ಕೆ ಬೇಕಾಗುತ್ತದೆ.

ಆ ದೋಣಿಗಳಲ್ಲೇ ಸಂಸಾರ ಹೂಡಿ ಮಕ್ಕಳನ್ನು ಬೆಳೆಸಿದವರಿದ್ದರು. ರೈಲು ಬಂತು, ಲಾರಿ ಬಂತು, ಕಾಲುವೆ ಬಡವಾಯಿತು. 1962ರ ಡಿಸೆಂಬರ್ ಕೊನೆಯಿಂದ 1963ರ ಮಾರ್ಚ್‌ವರೆಗೆ ಬಿದ್ದ ಚಳಿಗೆ ಕಾಲುವೆಗಳು ಹೆಪ್ಪುಗಟ್ಟಿ ದೋಣಿಗಳು ವಾರಗಟ್ಟಲೆ ನಿಂತಲ್ಲೇ ನಿಂತವು. ಸರಕು ಕಳುಹಿಸುವವರು ರಸ್ತೆಯ ಕಡೆ ತಿರುಗಿದರು, ಹಿಂದಿರುಗಲಿಲ್ಲ. ಅದೇ ವರ್ಷ ಅಲ್ಲಿನ ಜಲಮಾರ್ಗ ಮಂಡಳಿ ತನ್ನ ಕಿರುದೋಣಿಗಳ ಸರಕು ಸಾಗಣೆಯನ್ನು ಬಹುಪಾಲು ನಿಲ್ಲಿಸಿತು. ಇಂದು ಆ ದೋಣಿಗಳಲ್ಲಿ ಹೋಗುವವರಲ್ಲಿ ಹೆಚ್ಚಿನವರು ರಜೆ ಕಳೆಯುವವರು, ಅಥವಾ ಮನೆ ಬಾಡಿಗೆ ಕಟ್ಟಲಾರದೆ ದೋಣಿಯನ್ನೇ ಮನೆ ಮಾಡಿಕೊಂಡವರು. ದುಡಿಮೆಯ ದೋಣಿ ಕ್ಯಾಲೆಂಡರಿನ ಚಿತ್ರವಾದದ್ದು ಹೀಗೆ.

ಲಾಂಚಿನ ಕಂಬಿ ಹಿಡಿದು ನಿಂತ ಬನಶಂಕರಿಯ ಹುಡುಗ ಫೋಟೋ ತೆಗೆಯುತ್ತಿದ್ದರೆ, ಪಕ್ಕದಲ್ಲಿ ಚೀಲದ ಮೇಲೆ ಕೂತ ಅಜ್ಜಿ ನಗುತ್ತಾರೆ ಎಂದಿಟ್ಟುಕೊಳ್ಳಿ. “ಎಂತ ಮಗಾ, ಬೆಂಗ್ಳೂರಾ? ನಿಂಗೆ ಇದು ಚಂದ. ರಾತ್ರಿ ಹೊಟ್ಟೆನೋವು ಬಂದ್ರೆ ಗೊತ್ತಾಗ್ತದೆ ಚಂದ ಎಂತದು ಅಂತ.” ಇಂಥ ಮಾತನ್ನು ಆ ಹೊಳೆಯ ಮೇಲೆ ಕೇಳದೆ ದಾಟಿದವರು ಕಡಿಮೆ.

ಅಡಿಯಲ್ಲಿರುವ ಊರು

ಈ ನೀರು ಮೊದಲಿನಿಂದಲೂ ಇಷ್ಟು ಅಗಲವಿರಲಿಲ್ಲ. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ, ಜೋಗದಲ್ಲಿ 253 ಮೀಟರ್ ಧುಮುಕಿ, ಹೊನ್ನಾವರದಲ್ಲಿ ಸಮುದ್ರ ಸೇರುವ ಶರಾವತಿ ಈ ಕಣಿವೆಯಲ್ಲಿ ಒಂದು ಸಾಧಾರಣ ಹೊಳೆ. ಎರಡು ಕಡೆಯೂ ಗದ್ದೆ, ತೋಟ, ಊರು, ದೇವಸ್ಥಾನ. ಜೋಗದ ವಿದ್ಯುತ್ತಿಗಾಗಿ ಮಡೆನೂರಿನಲ್ಲಿ ಮೊದಲು ಕಟ್ಟಿದ್ದು ಹಿರೇಭಾಸ್ಕರ ಅಣೆಕಟ್ಟು. ಮುಗಿದದ್ದು 1948ರಲ್ಲಿ. ಅದೇ 1948ರಲ್ಲಿ ಬೆಂಗಳೂರಿನಲ್ಲಿ ಜಯನಗರ ಬಡಾವಣೆಗೆ ಅಡಿಗಲ್ಲು ಬಿತ್ತು. ಎರಡು ಸಂಗತಿಗೂ ಸಂಬಂಧವಿಲ್ಲ ಅನ್ನಿಸಬಹುದು. ಸ್ವಲ್ಪ ತಾಳಿ.

ಹಿರೇಭಾಸ್ಕರದ್ದು ಸೈಫನ್ ಅಣೆಕಟ್ಟು. ತೊಟ್ಟಿಯ ನೀರನ್ನು ಬಾಗಿದ ರಬ್ಬರ್ ಕೊಳವೆಯಿಂದ ಹೊರಗೆ ಹರಿಸುತ್ತೀರಲ್ಲ, ಅದೇ ತತ್ತ್ವ. ಒಂದು ಮಟ್ಟ ಮೀರಿದರೆ ನೀರು ತಾನಾಗಿಯೇ ಸೈಫನ್ನಿನ ಬಾಗನ್ನು ತುಂಬಿಕೊಂಡು ಭರದಿಂದ ಹೊರಬೀಳುತ್ತದೆ. ಮಟ್ಟ ಇಳಿದು ಗಾಳಿ ಹೊಕ್ಕೊಡನೆ ತಾನಾಗಿಯೇ ನಿಲ್ಲುತ್ತದೆ. ಗೇಟು ಎತ್ತಲು ಆಳು ಬೇಡ. ಇಂಥ ಜಾಣ ಅಣೆಕಟ್ಟು ಹದಿನಾರು ವರ್ಷ ಕೆಲಸ ಮಾಡಿತು. 1964ರಲ್ಲಿ ಕೆಳಗೆ ಲಿಂಗನಮಕ್ಕಿ ಅಣೆಕಟ್ಟು ಎದ್ದಿತು, ಅದರ ನೀರಿನಲ್ಲಿ ಹಿರೇಭಾಸ್ಕರವೇ ಮುಳುಗಿತು. ಅಣೆಕಟ್ಟೇ ಮುಳುಗಿದ ಮೇಲೆ ಊರಿನ ಮಾತೇನು? ಸುಮಾರು 300 ಚದರ ಕಿಲೋಮೀಟರ್ ನೆಲ ನೀರಾಯಿತು. ಲಿಂಗನಮಕ್ಕಿಯಲ್ಲಿ ಹಿಡಿಯುವ ನೀರು ಸುಮಾರು 151 ಟಿ.ಎಂ.ಸಿ., ಕನ್ನಂಬಾಡಿಯ ಮೂರರಷ್ಟು.

ಮುಳುಗಿದ ಊರಿನವರಲ್ಲಿ ಹಲವರನ್ನು ಲಾರಿಗಳಲ್ಲಿ ಹೇರಿ ದೂರದ ಕಾಡುಗಳಲ್ಲಿ ಇಳಿಸಿದರು. ಅಲ್ಲಿ ಕಡಿದು, ಉತ್ತು, ಮನೆ ಕಟ್ಟಿದವರ ಮೊಮ್ಮಕ್ಕಳಲ್ಲಿ ಎಷ್ಟೋ ಜನ ಆ ನೆಲದ ಹಕ್ಕುಪತ್ರಕ್ಕಾಗಿ ಅರವತ್ತು ವರ್ಷದ ಮೇಲೂ ಅಲೆಯುತ್ತಿದ್ದಾರೆ. ಗುಡ್ಡದ ಮೇಲಿದ್ದು ಮುಳುಗದೆ ಉಳಿದವರ ಪಾಡು ಇನ್ನೊಂದು ಬಗೆಯದು. ತುಮರಿ ಸುತ್ತಲಿನ ಕರೂರು, ಬಾರಂಗಿ ಹೋಬಳಿಗಳಿಗೂ ತಾಲ್ಲೂಕು ಕೇಂದ್ರ ಸಾಗರಕ್ಕೂ ನಡುವೆ ನೀರು ಮಲಗಿತು. ಜನ ಅದನ್ನು ದ್ವೀಪ ಎಂದೇ ಕರೆದರು. ಭೂಗೋಳದ ಮೇಷ್ಟರು ಒಪ್ಪಲಿಕ್ಕಿಲ್ಲ, ಏಕೆಂದರೆ ಹಿಂಭಾಗದಲ್ಲಿ ಘಟ್ಟದ ಕಾಡು ಕೂಡಿಕೊಂಡಿದೆ. ಕಾರ್ಗಲ್ ಕಡೆಯಿಂದ ಸುತ್ತಿ ಬರುವ ದಾರಿಯೂ ಇದೆ, ದೂರ ಎರಡರಷ್ಟು. ಆದರೆ ಹೆರಿಗೆ ನೋವು ಬಂದವಳಿಗೆ ಭೂಗೋಳದ ವ್ಯಾಖ್ಯೆ ಉಪಯೋಗಕ್ಕೆ ಬರುವುದಿಲ್ಲ. ಸಂಜೆಯ ಕೊನೆಯ ಲಾಂಚು ಹೋಯಿತೆಂದರೆ ಬಾಗಿಲು ಹಾಕಿತು. ಬೇಸಿಗೆಯ ಕೊನೆಯಲ್ಲಿ ನೀರು ತೀರಾ ಇಳಿದರೆ ಹಗಲಿನಲ್ಲೂ ಬಸ್ಸು ಹತ್ತಿಸುವಂತಿರಲಿಲ್ಲ. 2023ರ ಜೂನ್‌ನಲ್ಲಿ ಹಾಗೇ ಆಯಿತು.

ಇದನ್ನೆಲ್ಲ ಕಣ್ಣಾರೆ ಕಂಡು ಬರೆದವರು ಸಾಗರದ ನಾ. ಡಿಸೋಜ. ಲೋಕೋಪಯೋಗಿ ಇಲಾಖೆಯ ನೌಕರರಾಗಿ ಶರಾವತಿ ಯೋಜನೆಯಲ್ಲಿ ಕೆಲಸ ಮಾಡಿದವರು. ಅಂದರೆ ಮುಳುಗಿಸುವ ಕಚೇರಿಯಲ್ಲಿ ಕೂತು ಮುಳುಗುವವರ ಮುಖ ನೋಡಿದವರು. ‘ಮುಳುಗಡೆ’, ‘ದ್ವೀಪ’ ಎಂಬ ಅವರ ಕಾದಂಬರಿಗಳು ಅಲ್ಲಿಂದ ಬಂದವು. ‘ದ್ವೀಪ’ವನ್ನು ಗಿರೀಶ್ ಕಾಸರವಳ್ಳಿ 2002ರಲ್ಲಿ ಚಲನಚಿತ್ರ ಮಾಡಿದರು, ರಾಷ್ಟ್ರದ ಅತ್ಯುತ್ತಮ ಚಿತ್ರವೆಂಬ ಸ್ವರ್ಣಕಮಲ ಅದಕ್ಕೆ ಬಂತು. ಬೆಂಗಳೂರಿನ ಮಕ್ಕಳು ಹೊಳೆಬಾಗಿಲಿಗೆ ಹೋಗುವ ಮುಂಚೆ ಎರಡರಲ್ಲೊಂದು ಪುಸ್ತಕ ಓದಿಕೊಂಡರೆ ಒಳ್ಳೆಯದು. ಇಲ್ಲದಿದ್ದರೆ ಬರೀ ನೀರು ಕಾಣುತ್ತದೆ.

ಟ್ಯಾಂಕಿನ ಲೆಕ್ಕ

ಈಗ ಜಯನಗರದ ವಿಷಯ. ಲಿಂಗನಮಕ್ಕಿಯ ನೀರು ಕಾಲುವೆಯಲ್ಲಿ ಹರಿದು ತಳಕಳಲೆ ಎಂಬ ಚಿಕ್ಕ ಜಲಾಶಯಕ್ಕೆ ಬಂದು, ಅಲ್ಲಿಂದ ದೈತ್ಯ ಕೊಳವೆಗಳಲ್ಲಿ ನಾನೂರು ಮೀಟರಿಗೂ ಹೆಚ್ಚು ಕೆಳಗಿನ ಶರಾವತಿ ವಿದ್ಯುದಾಗಾರಕ್ಕೆ ಬೀಳುತ್ತದೆ. ಅದನ್ನು 1965ರ ಜನವರಿಯಲ್ಲಿ ಪ್ರಧಾನಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ನಾಡಿಗೆ ಅರ್ಪಿಸಿದರು. ಹತ್ತು ಯಂತ್ರಗಳು, ಒಟ್ಟು 1,035 ಮೆಗಾವಾಟ್. ಬೆಂಗಳೂರು ಬೆಳೆದ ದಶಕಗಳಲ್ಲಿ ಅದರ ಕಾರ್ಖಾನೆ, ಬೀದಿದೀಪ, ಅಡುಗೆಮನೆಯ ಮಿಕ್ಸಿ ಇವುಗಳಿಗೆಲ್ಲ ಹರಿದ ವಿದ್ಯುತ್ತಿನಲ್ಲಿ ಶರಾವತಿಯ ಪಾಲು ದೊಡ್ಡದು. ಹೊಳೆಯಾಚೆಯ ಹಳ್ಳಿಗಳಿಗೆ ದೀಪ ಬಂದದ್ದು ಮಾತ್ರ ತಡವಾಗಿ.

ಇದನ್ನು ಮನೆಯ ಲೆಕ್ಕಕ್ಕೆ ಇಳಿಸಬಹುದು. ಮಹಡಿಯ ಮೇಲೆ ಕಪ್ಪು ಪ್ಲಾಸ್ಟಿಕ್ ಟ್ಯಾಂಕಿದೆಯಲ್ಲ, ಸಾವಿರ ಲೀಟರಿನದು. ಅಷ್ಟು ನೀರಿನ ತೂಕ ಒಂದು ಟನ್. ಅದು 400 ಮೀಟರ್ ಕೆಳಗೆ ಬಿದ್ದರೆ ಸಿಗುವ ಶಕ್ತಿ 1,000 ಗುಣಿಸು 9.8 ಗುಣಿಸು 400. ಸುಮಾರು 39 ಲಕ್ಷ ಜೂಲ್. ಒಂದು ಯೂನಿಟ್ ವಿದ್ಯುತ್ ಎಂದರೆ 36 ಲಕ್ಷ ಜೂಲ್. ಯಂತ್ರದಲ್ಲಿ ಒಂದಿಷ್ಟು ಸೋರಿಹೋಗುವುದನ್ನು ಕಳೆದರೆ ಲೆಕ್ಕ ಬಲು ಸುಲಭವಾಗಿ ನಿಲ್ಲುತ್ತದೆ: ಶರಾವತಿಯ ಒಂದು ಟ್ಯಾಂಕು ನೀರಿಗೆ ಹೆಚ್ಚುಕಡಿಮೆ ಒಂದು ಯೂನಿಟ್. ತಿಂಗಳ ಬಿಲ್ಲಿನಲ್ಲಿ 150 ಯೂನಿಟ್ ಇದ್ದರೆ, ಅದಷ್ಟೂ ಶರಾವತಿಯದೇ ಎಂದುಕೊಂಡಾಗ, ಅಜ್ಜಿಯ ಊರಿನ ಮೇಲೆ ನಿಂತ ನೀರಿನಲ್ಲಿ 150 ಟ್ಯಾಂಕು ಈ ಮನೆಗಾಗಿ ಬಿದ್ದಿತು ಎಂದರ್ಥ.

ಇನ್ನೊಂದು ಲೆಕ್ಕ ಇದಕ್ಕಿಂತ ತಮಾಷೆಯದು. ಬೆಂಗಳೂರಿಗೆ ಕುಡಿಯಲು ಶರಾವತಿಯ ನೀರನ್ನೇ ತರಬೇಕೆಂಬ ಮಾತು ಮತ್ತೆ ಮತ್ತೆ ಏಳುತ್ತದೆ. 2019ರ ಜುಲೈನಲ್ಲಿ ಅದನ್ನು ವಿರೋಧಿಸಿ ಶಿವಮೊಗ್ಗ ಜಿಲ್ಲೆ ಬಂದ್ ಆಯಿತು, ನಾ. ಡಿಸೋಜ ಆ ಹೋರಾಟದ ಮುಂಚೂಣಿಯಲ್ಲಿದ್ದರು. ರಾಜಕೀಯ ಹಾಗಿರಲಿ, ಎತ್ತರ ನೋಡಿ. ಲಿಂಗನಮಕ್ಕಿ ತುಂಬಿದಾಗ ಅದರ ನೀರಿನ ಮಟ್ಟ ಸಮುದ್ರದಿಂದ 1,819 ಅಡಿ, ಅಂದರೆ ಸುಮಾರು 554 ಮೀಟರ್. ಬೆಂಗಳೂರು ಇರುವುದು 900 ಮೀಟರಿನ ಸುಮಾರಿಗೆ. ಆ ಟ್ಯಾಂಕು ನೀರನ್ನು ಸುಮಾರು 350 ಮೀಟರ್ ಮೇಲೆತ್ತಬೇಕು. ದಾರಿಯ ನೂರಾರು ಕಿಲೋಮೀಟರ್ ಕೊಳವೆಯ ಘರ್ಷಣೆ, ಪಂಪಿನ ನಷ್ಟ ಎಲ್ಲ ಸೇರಿದರೆ ಒಂದು ಯೂನಿಟ್‌ಗೂ ಹೆಚ್ಚು ಖರ್ಚು. ಕೆಳಗೆ ಬಿಟ್ಟರೆ ಒಂದು ಯೂನಿಟ್ ಕೊಡುವ ನೀರನ್ನು ಮೇಲಕ್ಕೆ ತಂದರೆ ಆ ಒಂದು ಯೂನಿಟ್ ತಪ್ಪಿತು, ಕೈಯಿಂದ ಇನ್ನೊಂದು ಹೋಯಿತು. ಇಂಗ್ಲೆಂಡಿನ ದೋಣಿ ಮೆಟ್ಟಿಲು ಹತ್ತಲು ನೀರಿನ ಬೆಲೆ ತೆತ್ತಿತು. ಇಲ್ಲಿ ನೀರೇ ಮೆಟ್ಟಿಲು ಹತ್ತಲು ವಿದ್ಯುತ್ತಿನ ಬೆಲೆ ತೆರಬೇಕು.

ಹಾಗಾದರೆ ಈಗ ಕುಡಿಯುವ ಕಾವೇರಿ ಬಿಟ್ಟಿ ಬರುತ್ತದೆಯೆ? ಇಲ್ಲ. ತೊರೆಕಾಡನಹಳ್ಳಿಯಲ್ಲಿ ಒಮ್ಮೆ, ಹಾರೋಹಳ್ಳಿಯಲ್ಲಿ ಒಮ್ಮೆ, ಕನಕಪುರ ರಸ್ತೆಯ ತಾತಗುಣಿಯಲ್ಲಿ ಒಮ್ಮೆ, ಹೀಗೆ ಮೂರು ಸಲ ಎತ್ತಿದ ಮೇಲೆಯೇ ಅದು ಜೆ.ಪಿ. ನಗರದ ನಲ್ಲಿಗೆ ಬರುತ್ತದೆ. 2024ರ ಅಕ್ಟೋಬರ್‌ನಲ್ಲಿ ಐದನೇ ಹಂತ ಉದ್ಘಾಟನೆಯಾದಾಗ ದಿನಕ್ಕೆ ಇನ್ನೂ 77.5 ಕೋಟಿ ಲೀಟರ್ ತರುವ ವ್ಯವಸ್ಥೆ ಆಯಿತು. ಇಷ್ಟೆಲ್ಲ ಎತ್ತಿ ತಂದ ನೀರು ಮನೆಗಳಿಂದ ಹೊರಬಿದ್ದು ಕೊಳೆಯಾಗಿ ಎಷ್ಟೋ ಕಡೆ ಸೇರುವುದು ಅದೇ ರಾಜಕಾಲುವೆಗೆ. ಅದನ್ನು ಶುದ್ಧಮಾಡಿ ಮತ್ತೆ ಬಳಸಿದರೆ ನಾನೂರು ಕಿಲೋಮೀಟರ್ ದೂರದ ಹೊಳೆಯ ಕಡೆ ಕಣ್ಣು ಹಾಯುವ ಮೊದಲು ಮನೆ ಮುಂದಿನ ಕಾಲುವೆಗೆ ಒಂದು ಲೆಕ್ಕ ಸಿಗುತ್ತದೆ. ಅಲ್ಲಿ ದೋಣಿ ಬಿಡುವುದು ಆಮೇಲಿನ ಮಾತು.

ಸೇತುವೆ

2025ರ ಜನವರಿ 5ರಂದು ನಾ. ಡಿಸೋಜ ತೀರಿಕೊಂಡರು. ಅದೇ ವರ್ಷ ಜುಲೈ 14ರಂದು ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ 2.44 ಕಿಲೋಮೀಟರ್ ಉದ್ದದ ಸೇತುವೆ ಉದ್ಘಾಟನೆಯಾಯಿತು. 2018ರಲ್ಲಿ ಅಡಿಗಲ್ಲು ಬಿದ್ದಿತ್ತು. ಬೇಡಿಕೆ ಮಾತ್ರ ಅದಕ್ಕಿಂತ ಬಹಳ ಹಳೆಯದು. ನೀರಿನ ನಡುವೆ ಗೋಪುರಗಳು ಎದ್ದು, ಅವುಗಳಿಂದ ಇಳಿದ ಉಕ್ಕಿನ ಕೇಬಲ್‌ಗಳು ರಸ್ತೆಯನ್ನು ಹಿಡಿದುಕೊಂಡಿವೆ. ಮಧ್ಯರಾತ್ರಿಯಲ್ಲೂ ಆಂಬುಲೆನ್ಸ್ ದಾಟಬಹುದು. ಕೊಲ್ಲೂರಿಗೆ ಹೋಗುವವರಿಗೂ ದಾರಿ ಹತ್ತಿರವಾಯಿತು.

ಲಾಂಚಿನಲ್ಲಿ ಒಮ್ಮೆ ದಾಟಿ ಬಂದ ಬೆಂಗಳೂರಿಗರು “ಛೇ, ಆ ಮಜಾ ಹೋಯಿತು” ಎಂದು ಪೇಚಾಡುವುದುಂಟು. ಪೇಚಾಟ ಸುಳ್ಳಲ್ಲ. ಆದರೆ ಮಜಾ ಇದ್ದದ್ದು ಬಂದು ಹೋಗುವವರಿಗೆ. ಅಡಿಕೆ ಮೂಟೆಯೊಂದಿಗೆ ಎರಡು ತಾಸು ಸರದಿಯಲ್ಲಿ ನಿಂತವರು ಹಾಗೆ ಹೇಳಲಾರರು. ರಜೆ ದಿನಗಳಲ್ಲಿ ಸಿಗಂದೂರಿಗೆ ಬಂದ ಕಾರುಗಳ ಸಾಲಿನಲ್ಲಿ ಅವರ ಸರದಿ ಇನ್ನಷ್ಟು ಹಿಂದೆ ಹೋಗುತ್ತಿತ್ತು ಎಂಬುದನ್ನೂ ಸೇರಿಸಿಕೊಳ್ಳಬೇಕು.

ಸೇತುವೆಯ ಮೇಲೆ ಬಸ್ಸು ನಾಲ್ಕೈದು ನಿಮಿಷದಲ್ಲಿ ದಾಟಿಬಿಡುತ್ತದೆ. ಡಿಸೆಂಬರ್ ಬೆಳಿಗ್ಗೆ ಕಿಟಕಿಯ ಗಾಜು ಮುಚ್ಚಿರುತ್ತದೆ, ಗಾಜಿನ ಮೇಲೆ ತೇವ ಕೂತಿರುತ್ತದೆ, ಮಕ್ಕಳಿಗೆ ನಿದ್ದೆ. ಹೊಳೆ ಬಂದದ್ದೂ ಗೊತ್ತಾಗದು, ಹೋದದ್ದೂ ಗೊತ್ತಾಗದು. ಹೋಗುವವರು ಮಕ್ಕಳನ್ನು ಎಬ್ಬಿಸಿ, ಈಚೆ ದಡದಲ್ಲೇ ಇಳಿದು, ಹಳೆಯ ರಸ್ತೆಯಲ್ಲಿ ನೀರಿನವರೆಗೆ ನಡೆದು ಬರುವುದು ಒಳ್ಳೆಯದು. ಬೆಂಗಳೂರಿನಿಂದ ತಾಳಗುಪ್ಪಕ್ಕೆ ಹೋಗುವ ರಾತ್ರಿ ರೈಲು ಸಾಗರದಲ್ಲಿ ನಿಲ್ಲುತ್ತದೆ. ಚಳಿಗೆ ಸ್ವೆಟರ್ ಬೇಕೇ ಬೇಕು. ಮಂಜು ನೋಡಬೇಕಾದವರಿಗೆ ಡಿಸೆಂಬರ್, ಜನವರಿ ಸರಿ. ಹಿರೇಭಾಸ್ಕರವನ್ನು ನೋಡಬೇಕಾದವರು ನೀರು ಇಳಿಯುವ ಮೇ ತಿಂಗಳವರೆಗೆ ಕಾಯಬೇಕು. ಮಳೆ ಕಡಿಮೆಯಾದ ವರ್ಷಗಳಲ್ಲಿ ಅದು ಬೆನ್ನೆತ್ತಿ ಹೊರಗೆ ಬರುತ್ತದೆ. ಸೈಫನ್ನುಗಳ ಬಾಯಿ ಒಣಗಿರುತ್ತದೆ. ಸುತ್ತ ಕೆಸರು ಬಿರುಕು ಬಿಟ್ಟು, ಅರವತ್ತು ವರ್ಷದ ಹಿಂದೆ ನೀರಿನಲ್ಲಿ ನಿಂತ ಮರಗಳ ಕಪ್ಪು ಬೊಡ್ಡೆಗಳು ಅಲ್ಲಲ್ಲಿ ಹಾಗೇ ನಿಂತಿರುತ್ತವೆ.